ಸವೆದ ಕುಳಿಯ ಚರಿತ್ರೆ: ವಿಕ್ರಮ್ ಇಳಿದ ನೆಲ

2023ರ ಆಗಸ್ಟ್ 23, ಬುಧವಾರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ 'ವಿಕ್ರಮ್' ಲ್ಯಾಂಡರ್ ಚಂದ್ರನ ನೆಲ ಮುಟ್ಟಿತು. ಆ ದಿನ ಏನಾಯಿತು ಎಂಬುದು ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ವಿಕ್ರಮ್ ಇಳಿದ ಆ ನೆಲ ಎಂಥದು, ಅಲ್ಲಿ ಮೊದಲು ಏನಿತ್ತು ಎಂಬುದನ್ನು ಕೇಳಿದವರು ಕಡಿಮೆ. ಊರಿಗೆ ಚರಿತ್ರೆ ಇರುವಂತೆ, ಶಾಲೆಗೆ ಚರಿತ್ರೆ ಇರುವಂತೆ ಆ ಜಾಗಕ್ಕೂ ಒಂದು ಚರಿತ್ರೆ ಇದೆ. ಅದು ನಾನೂರು ಕೋಟಿ ವರ್ಷಗಳಿಗೂ ಹಿಂದಿನದು. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದನ್ನು ನನಗೆ ತಿಳಿದ ಮಟ್ಟಿಗೆ ಹೇಳಬೇಕೆಂದಿದ್ದೇನೆ. ನಾನು ಖಗೋಳ ಶಾಸ್ತ್ರಜ್ಞನಲ್ಲ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆದರೆ ಈ ಕಥೆಯಲ್ಲಿ ಸಾಫ್ಟ್‌ವೇರ್‌ಗೂ ಒಂದು ಪಾತ್ರವಿದೆ, ನಮ್ಮ ಕರ್ನಾಟಕಕ್ಕೆ ಅದಕ್ಕಿಂತ ದೊಡ್ಡ ಪಾತ್ರವಿದೆ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟ ಮಾಡಿಕೊಳ್ಳೋಣ. ವಿಕ್ರಮ್ ದಕ್ಷಿಣ ಧ್ರುವದ ಮೇಲೆಯೇ ಇಳಿಯಿತು ಎಂದು ಹಲವರು ತಿಳಿದಿದ್ದಾರೆ. ಅದು ಇಳಿದದ್ದು ದಕ್ಷಿಣ ಅಕ್ಷಾಂಶ 69.37 ಡಿಗ್ರಿಯ ಹತ್ತಿರ. ಅಲ್ಲಿಂದ ಧ್ರುವ ಇನ್ನೂ 600 ಕಿ.ಮೀ.ಗೂ ದೂರ. ಹಾಗಿದ್ದರೂ ಅದಕ್ಕಿಂತ ಮೊದಲು ಚಂದ್ರನ ಅಷ್ಟು ದಕ್ಷಿಣಕ್ಕೆ ಹೋಗಿ ಯಾವ ದೇಶವೂ ಮೆಲ್ಲಗೆ ಇಳಿದಿರಲಿಲ್ಲ.

ಕರಿಯ ನೆಲ, ಬಿಳಿಯ ನೆಲ

ಹುಣ್ಣಿಮೆಯ ಚಂದ್ರನಲ್ಲಿ ನಾವು ಮೊಲವನ್ನು ಕಾಣುತ್ತೇವೆ. ಆ ಮೊಲದ ಕಪ್ಪು ಮೈ ಎಂದರೆ ಹಿಂದೊಮ್ಮೆ ಒಳಗಿನಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾ. ಆ ಕಲ್ಲಿನ ಹೆಸರು ಬಸಾಲ್ಟ್. ವಿಜಯಪುರ ಜಿಲ್ಲೆಯವರಿಗೆ ಬಸಾಲ್ಟ್ ಹೊಸದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದ ಲಾವಾದ ಮೇಲೆಯೇ ನಮ್ಮ ಊರುಗಳು ನಿಂತಿವೆ. ಗೋಳಗುಮ್ಮಟ ಕಟ್ಟಿದ್ದು ಅದೇ ಕಲ್ಲಿನಿಂದ. ಅದೇ ಕಲ್ಲು ಮಳೆ, ಬಿಸಿಲಿಗೆ ಪುಡಿಯಾಗಿ ಡೋಣಿ ದಂಡೆಯ ಎರೆಮಣ್ಣಾಯಿತು. ಆ ಮಣ್ಣಿನಲ್ಲಿಯೇ ನಮ್ಮ ಬಿಳಿಜೋಳ ಬೆಳೆಯುವುದು.

ಮೊಲದ ಸುತ್ತಲಿನ ಬಿಳಿಯ ಭಾಗ ಬೇರೆ. ಅದು ಲಾವಾ ಹರಿಯುವುದಕ್ಕಿಂತಲೂ ಹಳೆಯ ಎತ್ತರದ ನೆಲ. ಅಲ್ಲಿನ ಮುಖ್ಯ ಕಲ್ಲು ಅನಾರ್ಥೊಸೈಟ್, ತಿಳಿಬಣ್ಣದ ಹಗುರ ಕಲ್ಲು. ವಿಕ್ರಮ್ ಇಳಿದದ್ದು ಈ ಬಿಳಿಯ ನೆಲದಲ್ಲಿ. ಹಳೆಯ ನೆಲವಾದ್ದರಿಂದ ಅದರ ಮೇಲೆ ಬಿದ್ದ ಪೆಟ್ಟುಗಳೂ ಹೆಚ್ಚು. ಅಲ್ಲಿ ಕುಳಿಯ ಮೇಲೆ ಕುಳಿ, ಆ ಕುಳಿಯೊಳಗೆ ಮತ್ತೊಂದು ಕುಳಿ.

ಕುಳಿ ಹುಟ್ಟುವುದು, ಸವೆಯುವುದು

ಆಕಾಶದಿಂದ ಬಂದ ಬಂಡೆ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸಿದಾಗ ಅದು ನೆಲದಲ್ಲಿ ನಾಟಿ ನಿಲ್ಲುವುದಿಲ್ಲ. ಒಂದು ಸ್ಫೋಟವೇ ಆಗುತ್ತದೆ. ಬಂಡೆ ತಾನೂ ಪುಡಿಯಾಗಿ, ನೆಲವನ್ನೂ ಬಗೆದು ಎತ್ತಿ ಸುತ್ತಲೂ ಎರಚುತ್ತದೆ. ನಡುವೆ ದುಂಡನೆಯ ತಗ್ಗು, ಅಂಚಿನಲ್ಲಿ ಒಡ್ಡು ಹಾಕಿದಂತೆ ಏರಿ, ಅದರಾಚೆ ದೂರದವರೆಗೆ ಚೆಲ್ಲಿದ ಮಣ್ಣು. ಇಂಥದ್ದನ್ನು ಕಣ್ಣಾರೆ ನೋಡಬೇಕೆಂದರೆ ಚಂದ್ರನಿಗೆ ಹೋಗಬೇಕಿಲ್ಲ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರಿನಲ್ಲಿ ಸುಮಾರು 1.8 ಕಿ.ಮೀ. ಅಗಲದ ಕುಳಿ ಇದೆ, ಅದರ ತಳದಲ್ಲಿ ಉಪ್ಪುನೀರಿನ ಕೆರೆ. ಅದು ಆಗಿರುವುದೂ ನಮ್ಮ ನೆಲದಂಥ ದಖ್ಖನ್ ಬಸಾಲ್ಟಿನಲ್ಲಿಯೇ. ಹಾಗಾಗಿ ಚಂದ್ರನ ಕುಳಿಗಳನ್ನು ಅಭ್ಯಾಸ ಮಾಡುವವರು ಪ್ರಪಂಚದ ನಾನಾ ಕಡೆಯಿಂದ ಲೋಣಾರಿಗೆ ಬರುತ್ತಾರೆ.

ಭೂಮಿಯ ಮೇಲೆ ಮಳೆ, ಗಾಳಿ, ಹೊಳೆ ಸೇರಿ ಕುಳಿಗಳನ್ನು ಬೇಗ ಅಳಿಸಿಬಿಡುತ್ತವೆ. ಚಂದ್ರನಲ್ಲಿ ಮಳೆಯಿಲ್ಲ, ಗಾಳಿಯಿಲ್ಲ. ಆದರೂ ಅಲ್ಲಿ ಸವೆತವಿದೆ. ಸಾಸಿವೆ ಕಾಳಿಗಿಂತ ಸಣ್ಣ ಕಣಗಳು ಬಾಹ್ಯಾಕಾಶದಿಂದ ಬಿಡದೆ ಬಂದು ಬಡಿಯುತ್ತಿರುತ್ತವೆ. ಹಗಲಿನ ಸುಡುಬಿಸಿಲು, ರಾತ್ರಿಯ ಕಡುಚಳಿ ಕಲ್ಲನ್ನು ಬಿರುಕು ಬಿಡಿಸುತ್ತವೆ. ಹೀಗೆ ಮೇಲುಮಣ್ಣು ಮೆಲ್ಲಮೆಲ್ಲನೆ ಮೇಲೆ ಕೆಳಗಾಗುವುದಕ್ಕೆ ವಿಜ್ಞಾನಿಗಳು 'ಗಾರ್ಡನಿಂಗ್' ಎಂದೇ ಹೆಸರಿಟ್ಟಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೋಟಿ ಕೋಟಿ ವರ್ಷ ಕುಂಟೆ ಹೊಡೆದಂತೆ. ಇದರ ಜೊತೆಗೆ ಪಕ್ಕದಲ್ಲಿ ಹೊಸ ಕುಳಿಯಾದಾಗಲೆಲ್ಲ ಅದರ ಮಣ್ಣು ಹಳೆಯ ಕುಳಿಯನ್ನು ತುಂಬುತ್ತದೆ. ಚೂಪಾಗಿದ್ದ ಏರಿ ಮೊದಲು ಮೊಂಡಾಗುತ್ತದೆ, ಆಮೇಲೆ ಅಲ್ಲಲ್ಲಿ ಹರಿಯುತ್ತದೆ, ಕೊನೆಗೆ ಅರ್ಧ ಬಳೆಯಂಥ ಒಂದು ದಿನ್ನೆ ಮಾತ್ರ ಉಳಿಯುತ್ತದೆ.

ನಮ್ಮ ಹಿರಿಯರು ಜೋಳ ಇಡುತ್ತಿದ್ದ ಹಗೇವುಗಳನ್ನು ನೆನಪಿಸಿಕೊಳ್ಳಿ. ಬಳಕೆ ನಿಂತ ಮೇಲೆ ಅವುಗಳ ಬಾಯಿ ಮುಚ್ಚಿತು, ಮೇಲೆ ದಾರಿಯಾಯಿತು, ಇಲ್ಲಿ ಹಗೇವು ಇತ್ತು ಎಂಬುದನ್ನೇ ಜನ ಮರೆತರು. ಒಂದು ದೊಡ್ಡ ಮಳೆಯಾದ ಮೇಲೆ ನೆಲ ದುಂಡಗೆ ಕುಸಿದಾಗಲೇ ಅದು ಗೊತ್ತಾಗುವುದು. ಸವೆದ ಕುಳಿಯನ್ನು ಹುಡುಕುವುದೂ ಹೀಗೆಯೇ. ಇದ್ದದ್ದನ್ನು ನೋಡಿದರೆ ಸಾಲದು, ಹೋದದ್ದರ ಗುರುತನ್ನೂ ನೋಡಬೇಕು.

ಸುತ್ತಲಿನ ಹೆಸರುಗಳು

ವಿಕ್ರಮ್ ಇಳಿದ ಜಾಗದ ನೆರೆಹೊರೆಯನ್ನು ನಕಾಶೆಯಲ್ಲಿ ನೋಡಿದರೆ ಮ್ಯಾಂಜಿನಸ್, ಬೊಗುಸ್ಲಾವ್ಸ್ಕಿ, ಸಿಂಪೀಲಿಯಸ್, ಶೋಂಬರ್ಗರ್ ಎಂಬ ಹೆಸರುಗಳು ಕಾಣುತ್ತವೆ. ಮ್ಯಾಂಜಿನಸ್ ಸುಮಾರು 96 ಕಿ.ಮೀ. ಅಗಲದ ಸವೆದ ಕುಳಿ. ಅಂಚಿನ ತುಂಬ ಚಿಕ್ಕ ಕುಳಿಗಳು, ತಳ ಮಾತ್ರ ಸಪಾಟು. ಇಟಲಿಯ ಕಾರ್ಲೊ ಆಂಟೋನಿಯೊ ಮಾಂಜಿನಿ ಎಂಬ ಖಗೋಳಜ್ಞನ ಹೆಸರು ಅದಕ್ಕಿದೆ. ಚಂದ್ರನ ಕುಳಿಗಳಿಗೆ ವಿದ್ವಾಂಸರ ಹೆಸರಿಡುವ ಪದ್ಧತಿಯನ್ನು ಗಟ್ಟಿ ಮಾಡಿದವನು ಇಟಲಿಯ ರಿಚ್ಚೋಲಿ, 1651ರಲ್ಲಿ. ಈಗ ಆ ಅಧಿಕಾರ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ್ದು.

ಭಾರತೀಯರ ಹೆಸರೂ ಚಂದ್ರನಲ್ಲಿವೆ. ಬೆಂಗಳೂರಿನಲ್ಲಿ ಬಾಳಿದ ಸಿ.ವಿ. ರಾಮನ್, ಜಗದೀಶಚಂದ್ರ ಬೋಸ್, ಮೇಘನಾದ ಸಹಾ, ಹೋಮಿ ಭಾಭಾ ಅವರ ಹೆಸರಿನ ಕುಳಿಗಳಿವೆ. ಆರ್ಯಭಟನ ಹೆಸರಿನದೂ ಒಂದಿದೆ. ಅದು ಮೊಲದ ಕಪ್ಪು ಮೈಯೊಳಗೆ, 'ಪ್ರಶಾಂತ ಸಾಗರ' ಎಂದು ಕರೆಯುವ ಬಯಲಿನಲ್ಲಿದೆ. ಸುಮಾರು 22 ಕಿ.ಮೀ. ಅಗಲದ ಆ ಕುಳಿಯನ್ನು ಲಾವಾ ಬಹುಪಾಲು ಮುಳುಗಿಸಿದೆ. ಪೂರ್ವದ ಕಡೆ ಕಮಾನಿನಂಥ ಒಂದು ದಿನ್ನೆ ಮಾತ್ರ ಮೇಲೆ ಕಾಣುತ್ತದೆ.

ಇಲ್ಲಿ ನಮ್ಮ ಜಿಲ್ಲೆಯ ಜೊತೆ ಸೇರಿಸಿ ಹೇಳುವ ಇನ್ನೊಬ್ಬನನ್ನು ನೆನೆಯಬೇಕು. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ತನ್ನ ಊರು ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ವಿಜಯಪುರವೇ ಎಂಬುದು ಕೆಲವು ವಿದ್ವಾಂಸರ ಮತ. ಅದು ಮಹಾರಾಷ್ಟ್ರದಲ್ಲಿದೆ ಎನ್ನುವವರೂ ಇದ್ದಾರೆ, ವಾದ ಮುಗಿದಿಲ್ಲ. ಊರು ಯಾವುದೇ ಆಗಿರಲಿ, 1150ರಲ್ಲಿ ಅವನು ಮುಗಿಸಿದ 'ಸಿದ್ಧಾಂತ ಶಿರೋಮಣಿ'ಯ ಗೋಲಾಧ್ಯಾಯದಲ್ಲಿ ಒಂದು ಸೊಗಸಾದ ವಿಚಾರವಿದೆ. ಚಂದ್ರನ ಆಚೆ ಬದಿಯಲ್ಲಿ ಪಿತೃಗಳಿದ್ದಾರೆ, ನಮ್ಮ ಅಮಾವಾಸ್ಯೆಯ ದಿನ ಅವರಿಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಅದೇ ಅವರ ನಡುಹಗಲು ಎಂದು ಅವನು ವಿವರಿಸುತ್ತಾನೆ. ಪಿತೃಗಳ ಮಾತನ್ನು ನಂಬಿಕೆಗೆ ಬಿಡೋಣ. ಅದರೊಳಗಿನ ಲೆಕ್ಕ ಮಾತ್ರ ಖರೆ. ಚಂದ್ರನ ಒಂದು ಹಗಲು ನಮ್ಮ ಸುಮಾರು 14 ದಿನ, ಒಂದು ರಾತ್ರಿ ಇನ್ನು 14 ದಿನ. ಸೂರ್ಯನ ಬೆಳಕಿನಿಂದಲೇ ವಿದ್ಯುತ್ ಪಡೆಯುವ ವಿಕ್ರಮ್‌ಗೆ ಕೆಲಸ ಮಾಡಲು ಸಿಕ್ಕಿದ್ದು ಆ ಒಂದೇ ಹಗಲು.

ಪೀಣ್ಯದಿಂದ ಬ್ಯಾಲಾಳುವರೆಗೆ

ಭಾರತದ ಮೊದಲ ಉಪಗ್ರಹ 'ಆರ್ಯಭಟ' ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ. ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ತಯಾರಾದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ನೆಲದಿಂದ ಮೇಲೇರಿತು. ನಮ್ಮ ಶಾಲೆಯ ಐವತ್ತು ವರ್ಷ, ನಮ್ಮ ದೇಶದ ಉಪಗ್ರಹಗಳ ಐವತ್ತು ವರ್ಷ ಹೆಚ್ಚು ಕಡಿಮೆ ಜೊತೆಜೊತೆಯಾಗಿಯೇ ಸಾಗಿ ಬಂದಿವೆ.

2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹೊರಟಿತು. ಅದರ ಮಾತು ಕೇಳಲೆಂದು ಬಿಡದಿಯ ಬಳಿಯ ಬ್ಯಾಲಾಳು ಗ್ರಾಮದಲ್ಲಿ 32 ಮೀಟರ್ ಅಗಲದ ಆಂಟೆನಾ ನಿಂತಿತು. ಚಂದ್ರನ ಮೇಲ್ಮೈಯಲ್ಲಿ ನೀರಿನ ಅಂಶವಿದೆ ಎಂದು ಜಗತ್ತಿಗೆ ಸಾರಿದ್ದು ಆ ಯಾನ. ಮುಂದೆ ಇಳಿಯುವ ಮಾತು ಬಂದಾಗ ಲ್ಯಾಂಡರ್ ತಾನೇ ನೆಲ ನೋಡಿ, ತಗ್ಗು ತಪ್ಪಿಸಿ ಇಳಿಯಬೇಕಿತ್ತು. ಅದರ ಸೆನ್ಸರ್‌ಗಳನ್ನು ಪರೀಕ್ಷಿಸಲು ಚಂದ್ರನಂಥ ನೆಲ ಬೇಕು. ಇಸ್ರೋದವರು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಕುಳಿಗಳನ್ನು ತೋಡಿಸಿ, ಅವುಗಳ ಮೇಲೆ ವಿಮಾನ ಹಾರಿಸಿ ನೋಡಿದರು. ಚಂದ್ರಯಾನ-3ರ ಹೊತ್ತಿಗೆ ಹಳೆಯ ಕುಳಿಗಳು ತುಂಬಿಹೋಗಿ ಕೆಲಸಕ್ಕೆ ಬಾರದಂತಾಗಿದ್ದವು. ಮತ್ತೆ 10 ಮೀಟರ್ ಅಗಲ, 3 ಮೀಟರ್ ಆಳದ ಹೊಸ ಕುಳಿಗಳಿಗೆ ಟೆಂಡರ್ ಕರೆಯಬೇಕಾಯಿತು. ಚಂದ್ರನಲ್ಲಿ ಕೋಟ್ಯಂತರ ವರ್ಷ ಉಳಿಯುವ ವಸ್ತು ನಮ್ಮ ನೆಲದಲ್ಲಿ ನಾಲ್ಕಾರು ಮಳೆಗಾಲ ತಡೆಯಲಿಲ್ಲ.

ಮೊದಲ ಪ್ರಯತ್ನ

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಮ್ಯಾಂಜಿನಸ್-ಸಿ ಮತ್ತು ಸಿಂಪೀಲಿಯಸ್-ಎನ್ ಎಂಬ ಎರಡು ಕುಳಿಗಳ ನಡುವಿನ ಬಯಲಿಗೆ ಇಳಿಯಬೇಕಿತ್ತು. ಕೊನೆಯ ಗಳಿಗೆಯಲ್ಲಿ ಸಂಪರ್ಕ ಕಡಿಯಿತು, ನೌಕೆ ಬಿದ್ದು ಚೂರಾಯಿತು. ಕಾರಣಗಳನ್ನು ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಆಮೇಲೆ ಬಿಚ್ಚಿ ಹೇಳಿದರು. ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ಬಲ ಕೊಟ್ಟವು. ಅದರಿಂದಾದ ವ್ಯತ್ಯಾಸ ಒಟ್ಟುಗೂಡುತ್ತ ಹೋಯಿತು. ಸರಿಪಡಿಸಿಕೊಳ್ಳಲು ನೌಕೆ ಬೇಗನೆ ಹೊರಳಬೇಕಿತ್ತು, ಆದರೆ ಸಾಫ್ಟ್‌ವೇರ್‌ನಲ್ಲಿ ಹೊರಳುವ ವೇಗಕ್ಕೆ ಮಿತಿ ಹಾಕಲಾಗಿತ್ತು. ಸಾಲದ್ದಕ್ಕೆ ಇಳಿಯಲು ಗೊತ್ತು ಮಾಡಿದ ಜಾಗ 500 ಮೀಟರ್‌ಗೆ 500 ಮೀಟರ್ ಮಾತ್ರ. ಅಲ್ಲಿಗೇ ತಲುಪಬೇಕೆಂಬ ಹಟದಲ್ಲಿ ನೌಕೆಯ ವೇಗ ಹೆಚ್ಚಿತು.

ನನ್ನ ಕಸುಬಿನವರು ಇದನ್ನು ಓದಿದರೆ ಒಂದು ಮಾತು ಚೆನ್ನಾಗಿ ಅರ್ಥವಾಗುತ್ತದೆ. ಇಲ್ಲಿ ಒಂದೇ ದೊಡ್ಡ ತಪ್ಪು ಇರಲಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಸರಿಯೆಂದೇ ತೋರುವ ಮೂರು ತೀರ್ಮಾನಗಳು ಒಂದೇ ಗಳಿಗೆಯಲ್ಲಿ ಎದುರುಬದುರಾದವು. ಆದ್ದರಿಂದ ಮುಂದಿನ ಬಾರಿ 'ಏನೇನು ಕೆಡಬಹುದು' ಎಂಬ ಪಟ್ಟಿಯಿಂದಲೇ ವಿನ್ಯಾಸ ಶುರುವಾಯಿತು. ಎಂಜಿನ್ ಐದರಿಂದ ನಾಲ್ಕಾಯಿತು. ಕಾಲುಗಳು ಗಟ್ಟಿಯಾದವು. ವೇಗ ಅಳೆಯುವ ಲೇಸರ್ ಉಪಕರಣ ಸೇರಿತು. ಇಳಿಯುವ ಜಾಗ 4 ಕಿ.ಮೀ.ಗೆ 2.4 ಕಿ.ಮೀ. ಆಯಿತು. 2019ರಲ್ಲಿ ಬಿದ್ದ ಲ್ಯಾಂಡರಿನ ಚೂರುಗಳನ್ನು ನಾಸಾದ ಚಿತ್ರಗಳಲ್ಲಿ ಮೊದಲು ಗುರುತಿಸಿದ್ದು ಚೆನ್ನೈನ ಒಬ್ಬ ಯುವ ಎಂಜಿನಿಯರ್. ಸಾರ್ವಜನಿಕರಿಗೆ ಬಿಟ್ಟಿದ್ದ ಹಳೆಯ, ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಅವರು ಹೋಲಿಸಿದ್ದರು.

ಇಳಿದ ಮೇಲೆ

ಚಂದ್ರಯಾನ-3 ಹೊರಟದ್ದು 2023ರ ಜುಲೈ 14ರಂದು. ಯೋಜನಾ ನಿರ್ದೇಶಕರು ಪಿ. ವೀರಮುತ್ತುವೇಲ್, ಸಹ ನಿರ್ದೇಶಕಿ ಕೆ. ಕಲ್ಪನಾ. ಅದೇ ಹೊತ್ತಿಗೆ ಬೊಗುಸ್ಲಾವ್ಸ್ಕಿ ಕುಳಿಯ ಕಡೆಗೆ ಹೊರಟಿದ್ದ ರಷ್ಯಾದ ಲೂನಾ-25 ಆಗಸ್ಟ್ 19ರಂದು ಚಂದ್ರನಿಗೆ ಅಪ್ಪಳಿಸಿ ತಾನೇ ಸುಮಾರು 10 ಮೀಟರ್ ಅಗಲದ ಒಂದು ಹೊಸ ಕುಳಿಯಾಯಿತು. ನಾಲ್ಕು ದಿನಗಳ ನಂತರ ವಿಕ್ರಮ್ ಸುರಕ್ಷಿತವಾಗಿ ಇಳಿಯಿತು.

ಅದರ ಹೊಟ್ಟೆಯಿಂದ ಹೊರಬಂದ 26 ಕೆ.ಜಿ. ತೂಕದ, ಆರು ಗಾಲಿಯ ಪ್ರಜ್ಞಾನ್ ಸುಮಾರು ನೂರು ಮೀಟರ್ ಓಡಾಡಿತು. ನಮ್ಮ ಶಾಲೆಯ ಓಟದ ಸ್ಪರ್ಧೆಯಲ್ಲಿ ಮಕ್ಕಳು ಹದಿನೈದು ಸೆಕೆಂಡಿನಲ್ಲಿ ಮುಗಿಸುವ ದೂರವದು. ಆದರೆ ಹೆಜ್ಜೆ ಹೆಜ್ಜೆಗೂ ನಿಂತು ನೋಡಿ ನಡೆದ ನಡಿಗೆಯಾದ್ದರಿಂದ ಅದಕ್ಕೆ ಹತ್ತಾರು ದಿನ ಬೇಕಾದವು. ಆಗಸ್ಟ್ 27ರಂದು ಮುಂದೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ತಗ್ಗೊಂದು ಕಂಡಿತು. ಪ್ರಜ್ಞಾನ್ ಬಂದ ದಾರಿಯಲ್ಲಿ ಹಿಂದೆ ಸರಿದು ಬೇರೆ ದಾರಿ ಹಿಡಿಯಿತು. ನೆಲದೊಳಗೆ ಚುಚ್ಚಿದ ತಾಪಮಾಪಕ ಮೇಲ್ಮೈಯಲ್ಲಿ 50 ಡಿಗ್ರಿಗೂ ಮೀರಿದ ಬಿಸಿಯನ್ನೂ ಕೇವಲ 8 ಸೆಂ.ಮೀ. ಕೆಳಗೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕಡಿಮೆ ಚಳಿಯನ್ನೂ ತೋರಿಸಿತು. ಆ ಪುಡಿಮಣ್ಣು ಕಂಬಳಿಯ ಹಾಗೆ ಶಾಖವನ್ನು ಒಳಗೆ ಬಿಡುವುದಿಲ್ಲ.

ಪ್ರಜ್ಞಾನ್ 23 ಕಡೆ ನಿಂತು ಮಣ್ಣಿನ ಧಾತುಗಳನ್ನು ಅಳೆಯಿತು. ಅದರ ಫಲಿತಾಂಶ 2024ರ ಆಗಸ್ಟ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಚಂದ್ರ ಹುಟ್ಟಿದ ಹೊಸದರಲ್ಲಿ ಅದರ ಮೈಯೆಲ್ಲ ಕರಗಿದ ಕಲ್ಲಿನ ಕಡಲಾಗಿತ್ತು, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಹಗುರ ಕಲ್ಲು ಮೇಲೆ ತೇಲಿ ಬಿಳಿಯ ನೆಲವಾಯಿತು ಎಂದು ಅಪೊಲೊ ಕಾಲದಿಂದ ಒಂದು ವಾದವಿತ್ತು. ದಕ್ಷಿಣದ ಈ ಮಣ್ಣೂ ಅದಕ್ಕೆ ಸಾಕ್ಷಿ ಹೇಳಿತು. ಜೊತೆಗೆ ಇಲ್ಲಿ ಮೆಗ್ನೀಸಿಯಂ ತುಸು ಹೆಚ್ಚಿತ್ತು. ಅದು ಎಲ್ಲಿಯದು? ಆಳದಿಂದ ಯಾವುದೋ ಭಾರಿ ಪೆಟ್ಟು ಬಗೆದು ತಂದು ಚೆಲ್ಲಿದ್ದು ಎಂದು ವಿಜ್ಞಾನಿಗಳು ಹೇಳಿದರು.

ನಕಾಶೆಯಲ್ಲಿ ಇಲ್ಲದ ಕುಳಿ

ಆ ಪೆಟ್ಟಿನ ಗುರುತು ದಕ್ಷಿಣ ಧ್ರುವ-ಐಟ್ಕೆನ್ ಎಂಬ ಕುಳಿ. ಸುಮಾರು 2,500 ಕಿ.ಮೀ. ಅಗಲದ ಅದು ಚಂದ್ರನ ಅತಿ ದೊಡ್ಡ ಕುಳಿ. ಅದರ ಅಂಚು ವಿಕ್ರಮ್ ಇಳಿದ ಜಾಗದಿಂದ ಸುಮಾರು 350 ಕಿ.ಮೀ. ದೂರ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಈ ನೆಲಕ್ಕೆ ಎಲ್ಲೆಲ್ಲಿಂದ ಎಷ್ಟೆಷ್ಟು ಮಣ್ಣು ಬಂದು ಬಿದ್ದಿದೆ ಎಂದು ಲೆಕ್ಕ ಹಾಕಲು ಕುಳಿತರು. ಐಟ್ಕೆನ್ ಒಂದರಿಂದಲೇ ಸುಮಾರು 1,400 ಮೀಟರ್ ದಪ್ಪದ ಮಣ್ಣು ಬಂದಿರಬೇಕೆಂದು ಕಂಡಿತು. ಈ ಲೆಕ್ಕದ ನಡುವೆ ಅವರಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ವಿಕ್ರಮ್ ನಿಂತ ಬಯಲು ಬರಿಯ ಬಯಲಾಗಿರಲಿಲ್ಲ. ಅದರ ಸುತ್ತ ಅರ್ಧ ಬಳೆಯಾಕಾರದ ಒಂದು ಸವೆದ ಏರು ಇತ್ತು. ಅದು ಸುಮಾರು 160 ಕಿ.ಮೀ. ಅಗಲದ, ಹೂತುಹೋದ ಹಳೆಯ ಕುಳಿಯ ಉಳಿಕೆ. ನಮ್ಮೂರಿನಿಂದ ಬೆಳಗಾವಿಗೆ ನೇರ ಗೆರೆ ಎಳೆದರೆ ಹೆಚ್ಚು ಕಡಿಮೆ ಅಷ್ಟು ದೂರ. ಅದು ಐಟ್ಕೆನ್‌ಗಿಂತಲೂ ಹಳೆಯದು ಎಂಬುದು ಅವರ ಅಂದಾಜು. ಅಂದರೆ ಚಂದ್ರನ ಅತಿ ಹಳೆಯ ಕುಳಿಗಳಲ್ಲಿ ಒಂದರೊಳಗೆ ನಮ್ಮ ನೌಕೆ ಇಳಿದಿತ್ತು. ಇಳಿಸಿದವರು ಸಪಾಟು ನೆಲ, ಬಿಸಿಲು, ಭೂಮಿಯ ಜೊತೆ ಮಾತಾಡಲು ಅನುಕೂಲ ನೋಡಿ ಆ ಜಾಗ ಆರಿಸಿದ್ದರು. ಅದು ಕುಳಿಯ ಒಳಗೆಂಬುದು ತಿಳಿದದ್ದು ಒಂದು ವರ್ಷದ ಮೇಲೆ.

ತಿಳಿದದ್ದಾದರೂ ಹೇಗೆ? ಚಂದ್ರಯಾನ-2ರ ಕಕ್ಷೆಗಾಮಿ ಮೇಲಿನಿಂದ ತೆಗೆದ ಚಿತ್ರಗಳಿಂದ, ಪ್ರಜ್ಞಾನ್‌ನ ದಾರಿ ನೋಡುವ ಕ್ಯಾಮೆರಾಗಳ ಚಿತ್ರಗಳಿಂದ. 2019ರಲ್ಲಿ ಲ್ಯಾಂಡರ್ ಬಿದ್ದರೂ ಕಕ್ಷೆಗಾಮಿ ಕೆಟ್ಟಿರಲಿಲ್ಲ, ಅದು ಸುತ್ತುತ್ತಲೇ ಇತ್ತು. ಸೋತಿತೆಂದು ಜನ ಮರೆತ ಯಾನವೇ ಗೆದ್ದ ಯಾನದ ನೆಲವನ್ನು ಗುರುತಿಸಿಕೊಟ್ಟಿತು. ಗಾಲಿ ತಗ್ಗಿಗೆ ಬೀಳದಿರಲಿ ಎಂದು ತೆಗೆದ ಚಿತ್ರಗಳು ನಾನೂರು ಕೋಟಿ ವರ್ಷದ ಚರಿತ್ರೆಗೆ ದಾಖಲೆಯಾದವು.

ನನಗೆ ಇಡೀ ಕಥೆಯಲ್ಲಿ ಮುಖ್ಯವೆನಿಸುವುದು ಈ ಮಾತು. ಚರಿತ್ರೆಗೆಂದೇ ಬರೆದಿಟ್ಟ ಕಾಗದ ಯಾವಾಗಲೂ ಸಿಗುವುದಿಲ್ಲ. ದಿನದ ಕೆಲಸಕ್ಕೆಂದು ಬರೆದದ್ದನ್ನು ಜೋಪಾನ ಮಾಡಿದರೆ ಅದೇ ಮುಂದೆ ಚರಿತ್ರೆಯಾಗುತ್ತದೆ. ನಮ್ಮ ಶಾಲೆಯ ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಊರಿನ ಪಹಣಿ ಪತ್ರಗಳು, ಡೋಣಿ ಉಕ್ಕಿದ ವರ್ಷಗಳ ಬಗ್ಗೆ ಅಜ್ಜ-ಅಜ್ಜಿಯರ ನೆನಪು, ಎಲ್ಲವೂ ಇಂಥ ದಾಖಲೆಗಳೇ. ಯಾವ ವರ್ಷ ಎಷ್ಟು ಹೆಣ್ಣುಮಕ್ಕಳು ಹತ್ತನೆಯ ತರಗತಿಯವರೆಗೆ ಬಂದರು, ಬರ ಬಿದ್ದ ವರ್ಷ ಎಷ್ಟು ಮಕ್ಕಳು ನಡುವೆಯೇ ಶಾಲೆ ಬಿಟ್ಟರು ಎಂಬುದು ಹಾಜರಿ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ಗೆದ್ದವರ ಫೋಟೋ ಗೋಡೆಯ ಮೇಲಿರುತ್ತದೆ. ಬಿಟ್ಟು ಹೋದವರ ಗುರುತು ಆ ಪುಸ್ತಕದಲ್ಲಿ ಒಂದು ಖಾಲಿ ಸಾಲು. ಗೆದ್ದಲು ಹಿಡಿಯುವ ಮೊದಲು ಆ ಪುಟಗಳನ್ನು ಸ್ಕ್ಯಾನ್ ಮಾಡಿ ಇಡುವುದು ಈ ಸುವರ್ಣ ಮಹೋತ್ಸವದ ಒಂದು ಕೆಲಸವಾಗಲಿ ಎಂದು ಗುರುಗಳಲ್ಲಿ, ಹಳೆಯ ವಿದ್ಯಾರ್ಥಿ ಗೆಳೆಯರಲ್ಲಿ ನನ್ನ ವಿನಂತಿ. ಆ ಕೆಲಸದಲ್ಲಿ ನಾನೂ ಕೈಜೋಡಿಸುತ್ತೇನೆ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಚಂದ್ರಯಾನ-3ರ ಮಾಹಿತಿಯನ್ನು 2024ರ ಆಗಸ್ಟ್ 23ರಂದು, ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನದಂದು, ಎಲ್ಲರಿಗೂ ಮುಕ್ತವಾಗಿ ಬಿಡಲಾಗಿದೆ. ಅದನ್ನು ಜೋಪಾನ ಮಾಡಿಟ್ಟಿರುವ ಕೇಂದ್ರ ನಮ್ಮದೇ ರಾಜ್ಯದ ಬ್ಯಾಲಾಳುವಿನಲ್ಲಿದೆ. ಶಾಲೆಯ ಕಂಪ್ಯೂಟರಿನಲ್ಲಿಯೇ ಆ ಚಿತ್ರಗಳನ್ನು ತೆರೆದು ನೋಡಬಹುದು. ಮೊದಲು ಚೂಪು ಅಂಚಿನ ಹೊಸ ಕುಳಿಗಳು ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಬಿಟ್ಟು ನಿಧಾನವಾಗಿ ನೋಡಿ. ವಿಕ್ರಮ್ ಇಳಿದ ಜಾಗಕ್ಕೆ 'ಶಿವಶಕ್ತಿ' ಎಂಬ ಹೆಸರನ್ನು ಖಗೋಳ ಒಕ್ಕೂಟ 2024ರ ಮಾರ್ಚ್‌ನಲ್ಲಿ ಒಪ್ಪಿತು. ಅದನ್ನು ಸುತ್ತುವರಿದ ಹಳೆಯ ಏರು ಹೆಸರಿಲ್ಲದೆಯೇ ಇಷ್ಟು ಕಾಲ ಅಲ್ಲಿತ್ತು, ನೋಡುವವರು ಬೇಕಾಗಿದ್ದರು ಅಷ್ಟೆ.